ಹಾರ್ಡ್ ಡಿಸ್ಕ್ ಟಕ್ ಟಕ್ ಅಂದಾಗ

ಹೋದ ಮಳೆಗಾಲದಲ್ಲಿ ಗೆಳೆಯನೊಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ನನ್ನ ಮೇಜಿನ ಮೇಲಿಟ್ಟ. ಮುಟ್ಟಿದರೆ ಬೆರಳು ಜೋಮು ಹಿಡಿಯುವಷ್ಟು ತಣ್ಣಗಿತ್ತು. ಕವರು ಬಿಚ್ಚಿದ ಎರಡೇ ನಿಮಿಷಕ್ಕೆ ಅದರ ಮೈಮೇಲೆಲ್ಲ ನೀರಿನ ಹನಿ ಕೂತವು. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟಿದ್ದನಂತೆ. "ಯೂಟ್ಯೂಬಲ್ಲಿ ನೋಡ್ದೆ ಕಣೋ, ತಣ್ಣಗಾದ್ರೆ ಒಂದ್ಸಲ ಓಡತ್ತಂತೆ" ಅಂದ. ಒಳಗಿದ್ದದ್ದು ಅವನ ತಂಗಿಯ ಮದುವೆ. ಧಾರೆ ಎರೆಯುವ ಅಪ್ಪ ಅದರಲ್ಲಿದ್ದರು. ಆ ಅಪ್ಪ ಈಗಿಲ್ಲ.

ಡಿಸ್ಕ್ ಕೆಟ್ಟಾಗ ಫೈಲುಗಳು ಕೈಬಿಡುವುದು ಅನೇಕ ಸಲ ಕೆಟ್ಟ ಆ ಗಳಿಗೆಯಲ್ಲಲ್ಲ, ಆಮೇಲಿನ ಒಂದೆರಡು ದಿನಗಳಲ್ಲಿ ನಾವು ಗಾಬರಿಯಿಂದ ಮಾಡುವ ಉಪಚಾರದಲ್ಲಿ. ಆ ಒಂದೊಂದು ಉಪಚಾರದ ಹಿಂದೆಯೂ ಒಂದೊಂದು ನಂಬಿಕೆ ಇದೆ.

ಫ್ರೀಜರಿನದು ಪೂರ್ತಿ ಕಟ್ಟುಕಥೆಯೇನಲ್ಲ. ಹಳೆಯ ಡಿಸ್ಕುಗಳಲ್ಲಿ ಬಾಲ್ ಬೇರಿಂಗ್ ಬಿಗಿದುಕೊಳ್ಳುತ್ತಿತ್ತು, ಇಲ್ಲವೇ ಓದುವ ಹೆಡ್ ಮಾಹಿತಿ ಬರೆದಿಡುವ ತಟ್ಟೆಗೆ ಅಂಟಿಕೊಳ್ಳುತ್ತಿತ್ತು. ತಣ್ಣಗಾದಾಗ ಲೋಹ ತುಸು ಕುಗ್ಗಿ ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತಿತ್ತು. ಈಗಿನ ಡಿಸ್ಕುಗಳಲ್ಲಿರುವುದು ಎಣ್ಣೆಯ ಪದರದ ಮೇಲೆ ತಿರುಗುವ ಬೇರಿಂಗ್. ಚಳಿಗೆ ಆ ಎಣ್ಣೆಯೇ ಮಂದವಾಗುತ್ತದೆ. ಅದಕ್ಕಿಂತ ದೊಡ್ಡ ಕೇಡು ನೀರು. ಇಂಥ ಡಿಸ್ಕಿಗೆ ಒಳಗಿನ ಹೊರಗಿನ ಒತ್ತಡ ಸಮವಾಗಲೆಂದು ಫಿಲ್ಟರ್ ಕೂರಿಸಿದ ಪುಟ್ಟ ಗಾಳಿಕಿಂಡಿ ಇರುತ್ತದೆ. ಅದು ಧೂಳನ್ನು ತಡೆಯುತ್ತದೆ, ತೇವವನ್ನು ಪೂರ್ತಿ ತಡೆಯಲಾರದು. ಹೊರಮೈ ಬೆವರಿದ ಹಾಗೆ ಒಳಗಿನ ತಟ್ಟೆಯೂ ಬೆವರಬಹುದು. ಮಾಮೂಲಿ ಎಕ್ಸ್‌ಟರ್ನಲ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಹೆಡ್ಡು ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್! ಅಂಥ ಸಂದಿನಲ್ಲಿ ಒಂದು ಹನಿ ನೀರೆಂದರೆ ದಾರಿಗಡ್ಡ ಬಿದ್ದ ಬಂಡೆ.

"ಬಿಚ್ಚಿ ನೋಡೋಣ, ಹೆಡ್ಡು ಸಿಕ್ಕಿಕೊಂಡಿದ್ದರೆ ಬೆರಳಲ್ಲಿ ಸರಿಸಿದರಾಯಿತು" ಅನ್ನುವವರಿಗೂ ಇದೇ ಲೆಕ್ಕ ಸಾಕು. ಮನೆಯ ಗಾಳಿಯಲ್ಲಿ ತೇಲುವ ಧೂಳಿನ ಕಣ ಆ ಸಂದಿಗಿಂತ ನೂರಾರು ಪಟ್ಟು ದೊಡ್ಡದು. ರಿಕವರಿ ಲ್ಯಾಬಿನವರು ಸೋಸಿದ ಗಾಳಿಯ ಕೋಣೆಯಲ್ಲಿ ಡಿಸ್ಕ್ ತೆರೆಯುವುದು ಅದಕ್ಕೇ. ಅಂಗಡಿಯವನು ನಿಮ್ಮೆದುರಿನ ಮೇಜಿನ ಮೇಲೆಯೇ ಮುಚ್ಚಳ ಬಿಚ್ಚಲು ಸ್ಕ್ರೂಡ್ರೈವರ್ ತೆಗೆದರೆ, ದಯವಿಟ್ಟು ಡಿಸ್ಕ್ ವಾಪಸ್ ತೆಗೆದುಕೊಂಡು ಬನ್ನಿ.

ಇನ್ನು ಆ ಸದ್ದು. "ಟಕ್ ಟಕ್ ಅಂದರೆ ಕಥೆ ಮುಗೀತು" ಎಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ಹೆಡ್ಡು ತಟ್ಟೆಯ ಮೇಲಿನ ಗುರುತು ಓದಲಾಗದೆ, ಹಿಂದಿರುಗಿ, ಮತ್ತೆ ಹುಡುಕುವ ಸದ್ದದು. ಹೆಡ್ಡೇ ಸತ್ತಿರಬಹುದು, ನಿಜ. ಆದರೆ ಕರೆಂಟ್ ಸಾಲದಿದ್ದರೂ ಹಾಗೇ ಸದ್ದು ಬರಬಹುದು. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900. ತಟ್ಟೆ ತಿರುಗಲು ಶುರುವಾಗುವ ಹೊತ್ತಿಗೆ ಡಿಸ್ಕ್ ಒಂದು ಆಂಪಿಯರಿನಷ್ಟು ಕೇಳಬಹುದು. ಸವೆದ ಕೇಬಲ್ಲು, ಅಗ್ಗದ ಹಬ್ಬು, ಸಡಿಲಾದ ಪೋರ್ಟು, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಗಟ್ಟಿಮುಟ್ಟಾದ ಡಿಸ್ಕೂ ತಡವರಿಸುತ್ತದೆ. ಆದ್ದರಿಂದ ಬೇರೆ ಗಿಡ್ಡ ಕೇಬಲ್ ಹಾಕಿ, ಹಬ್ ಬಿಟ್ಟು ನೇರ ಕಂಪ್ಯೂಟರಿಗೇ ಚುಚ್ಚಿ, ಆಗದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಗಲೂ ಅದೇ ಸದ್ದಾದರೆ ತೆಗೆದಿಡಿ. "ಇನ್ನೊಂದ್ಸಲ ನೋಡೋಣ" ಎಂದಾಗಲೆಲ್ಲ ಮುರಿದ ಹೆಡ್ಡು ತಟ್ಟೆಯನ್ನು ಕೆರೆಯುತ್ತಿರಬಹುದು. ಹಾಗೆ ಕೆರೆದುಹೋದ ಭಾಗವನ್ನು ಯಾವ ಲ್ಯಾಬೂ ತಂದುಕೊಡಲಾರದು.

ಸದ್ದೇ ಮಾಡದೆ ಕೆಡುವ ಡಿಸ್ಕುಗಳೂ ಇವೆ. ಚುಚ್ಚಿದೊಡನೆ ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ಕೇಳುತ್ತದೆ. ಕಂಪ್ಯೂಟರೇ ಹೇಳುತ್ತಿದೆಯಲ್ಲ ಎಂದು ಜನ ಒತ್ತಿಬಿಡುತ್ತಾರೆ. ಆ ಸೂಚನೆಯ ಅರ್ಥ ಇಷ್ಟೇ: ಪುಸ್ತಕದ ಪರಿವಿಡಿ ಓದಲು ಬರುತ್ತಿಲ್ಲ. ಪುಟಗಳು ಒಳಗೇ ಇರಬಹುದು. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ, ಏನೂ ಕೆಡದ ಡಿಸ್ಕಿಗೂ ವಿಂಡೋಸ್ ಅದೇ ಮಾತು ಹೇಳಬಹುದು. ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಹಾರ್ಡ್ ಡಿಸ್ಕಿನಿಂದ ಇನ್ನೂ ಬಹಳಷ್ಟು ಎತ್ತಬಹುದು. ಆದರೆ ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ತಿ ಫಾರ್ಮ್ಯಾಟ್ ಅಂದರೆ ಉದ್ದಕ್ಕೂ ಸೊನ್ನೆ ಬರೆಯುವುದು. ಕ್ಯಾನ್ಸಲ್ ಒತ್ತಿ.

"ಚೆಕ್‌ಡಿಸ್ಕ್ ಓಡಿಸಿ, ಸರಿಹೋಗತ್ತೆ" ಎಂಬ ಸಲಹೆಯೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸಂಕಟಕ್ಕೀಡುಮಾಡುವುದು, ಯಾಕೆಂದರೆ ಅದನ್ನು ಕೊಡುವವರು ತಿಳಿದವರು. ವಿಂಡೋಸಿನ ಜೊತೆಗೇ ಬರುವ ಈ ಚೆಕ್‌ಡಿಸ್ಕನ್ನು ರಿಪೇರಿಗೆ ಬಿಟ್ಟರೆ ಅದು ಕಾಪಾಡುವುದು ಫೈಲು ಜೋಡಿಸಿಟ್ಟ ವ್ಯವಸ್ಥೆಯನ್ನು. ಆ ಭರದಲ್ಲಿ ನಿಮ್ಮ ಫೈಲು ತುಂಡಾದರೂ ಅದಕ್ಕೆ ಸರಿಯೇ. ಜೊತೆಗೆ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುತ್ತದೆ, ಕೆಟ್ಟ ಸೆಕ್ಟರುಗಳನ್ನು ಗಂಟೆಗಟ್ಟಲೆ ಉಜ್ಜಿಸುತ್ತದೆ. ಡಿಸ್ಕ್ ಇನ್ನೂ ಕಂಪ್ಯೂಟರಿಗೆ ಕಾಣುತ್ತಿದ್ದರೆ ಮೊದಲು ಮಾಡಬೇಕಾದ್ದು ಇಡೀ ಡಿಸ್ಕಿನ ಯಥಾಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳುವುದು. ಗ್ನೂ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ಸುಲಭವಾಗಿ ಓದಲು ಬರುವ ಭಾಗವನ್ನು ಅದು ಮೊದಲು ತೆಗೆದುಕೊಳ್ಳುತ್ತದೆ, ತೊಡಕಿನ ಜಾಗ ಬಂದರೆ ಗುರುತು ಹಾಕಿಟ್ಟು ಮುಂದೆ ಹೋಗುತ್ತದೆ, ಉಳಿದದ್ದಕ್ಕೆ ಕೊನೆಯಲ್ಲಿ ತಿರುಗಿ ಬರುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರುಮಾಡಬಹುದು. ಟೆಸ್ಟ್‌ಡಿಸ್ಕ್, ಫೋಟೊರೆಕ್ ಮುಂತಾದ, ಕಳೆದದ್ದನ್ನು ಹುಡುಕುವ ತಂತ್ರಾಂಶಗಳನ್ನು ಓಡಿಸಬೇಕಾದ್ದು ಆ ಪ್ರತಿಯ ಮೇಲೆ. ಸಿಕ್ಕಿದ ಫೈಲನ್ನು ಅದೇ ಹಳೆಯ ಡಿಸ್ಕಿಗೆ ಸೇವ್ ಮಾಡಬೇಡಿ. ಇನ್ನೂ ಸಿಗದ ಫೈಲಿನ ಮೇಲೆಯೇ ಅದು ಬರೆದೀತು.

ಸರ್ಕ್ಯೂಟ್ ಬೋರ್ಡ್ ಬದಲಿಸಿದರೆ ಆಯಿತು ಎಂಬ ಮಾತು ಒಂದು ಕಾಲಕ್ಕೆ ನಡೆಯುತ್ತಿತ್ತು. ಈಗ ಆ ಒಂದೇ ಡಿಸ್ಕಿಗೆ ಹೊಂದಿಸಿದ ಅಳತೆಗಳನ್ನು ಬೋರ್ಡಿನ ಚಿಪ್ಪಿನಲ್ಲೇ ಬರೆದಿರುತ್ತಾರೆ. ಅದೇ ಮಾಡೆಲಿನ ಇನ್ನೊಂದು ಬೋರ್ಡ್ ತಂದು ಹಾಕಿದರೂ ಸಾಮಾನ್ಯವಾಗಿ ಏಳುವುದಿಲ್ಲ.

"ಡಿಸ್ಕ್ ಹೆಲ್ತ್ ಗುಡ್ ಅಂತ ತೋರಿಸ್ತಿದೆ" ಎಂಬ ನೆಮ್ಮದಿಯೂ ಗಟ್ಟಿಯಲ್ಲ. ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು, ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಗಮನಿಸುವ ಸ್ಮಾರ್ಟ್ ಎಂಬ ವ್ಯವಸ್ಥೆಯ ಮುಖ್ಯ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಹಾಗೆಂದು ಎಚ್ಚರಿಕೆ ಬಂದರೆ ಕಡೆಗಣಿಸುವಂತಿಲ್ಲ: ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಹೆಚ್ಚೆಂದು ಅದೇ ಅಧ್ಯಯನ ಹೇಳಿತು.

ಡಿಸ್ಕ್ ಸತ್ತರೆ ಫೈಲೂ ಸತ್ತವೆಂದು ಕೊರಗುವವರಿಗೆ ನಾನು ಕೊಲಂಬಿಯಾ ಬಾಹ್ಯಾಕಾಶ ನೌಕೆಯ ವಿಷಯ ಹೇಳುತ್ತೇನೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡು ಆಕಾಶದಲ್ಲೇ ಒಡೆದ ನೌಕೆ ಅದು. ಅದರಲ್ಲಿ ಕ್ಸೆನಾನ್ ಅನಿಲದ ಪ್ರಯೋಗವೊಂದರ ಮಾಹಿತಿ ಹಾರ್ಡ್ ಡಿಸ್ಕಿನಲ್ಲಿತ್ತು. ಅವಶೇಷಗಳ ನಡುವೆ ಸಿಕ್ಕಾಗ ಅದು ಸುಟ್ಟು ಕರಕಾಗಿತ್ತು, ಒಳಗೆ ಮಣ್ಣು ಸೇರಿತ್ತು. ತಜ್ಞರು ತಟ್ಟೆಗಳನ್ನು ತೊಳೆದು ಬೇರೊಂದು ಡಿಸ್ಕಿನ ಮೈಯೊಳಗೆ ಕೂರಿಸಿ ಸುಮಾರು ಶೇಕಡಾ 99ರಷ್ಟು ಮಾಹಿತಿ ಓದಿದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತಟ್ಟೆಯ ಮೇಲೆ ಬರೆದ ಜಾಗಕ್ಕೆ ಪೆಟ್ಟಾಗಿರಲಿಲ್ಲ, ಅಷ್ಟೇ.

ಗೆಳೆಯನ ಡಿಸ್ಕನ್ನು ನಾವು ಮತ್ತೆ ಚುಚ್ಚಲಿಲ್ಲ. ಹಾಗೇ ಒಣಗಲು ಬಿಟ್ಟು, ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಲ್ಯಾಬಿಗೆ ಕಳಿಸಿದೆವು. ಫ್ರೀಜರಿನಿಂದ ತೆಗೆದು ತನ್ನ ಮನೆಯಲ್ಲೇ ನಾಲ್ಕು ಸಲ ಓಡಿಸಿ ನೋಡಿದ್ದೆನೆಂದು ಅವನು ನನಗೆ ಹೇಳಿದ್ದು ಆಗಲೇ. ಆರು ವಾರದ ಮೇಲೆ ಫೈಲುಗಳ ಪಟ್ಟಿ ಬಂತು. ಫೋಟೊ ಹೆಚ್ಚುಕಡಿಮೆ ಎಲ್ಲ ಇದ್ದವು: ಕಾಶೀಯಾತ್ರೆ, ಧಾರೆ, ಊಟದ ಪಂಕ್ತಿ. ವಿಡಿಯೊದ ಎದುರಿಗೆಲ್ಲ ಕೆಂಪು ಗುರುತಿತ್ತು. ಅಪ್ಪನ ದನಿ ಇದ್ದದ್ದು ಅದರಲ್ಲಿ ಮಾತ್ರ.