ಕಪಿಲೆಯ ದೀಪ, ಧನು ರಾಶಿಯ ಹೊಳೆ

ನಂಜನಗೂಡಿನ ಸ್ನಾನಘಟ್ಟ. ಕತ್ತಲು. ಕಪಿಲೆಯ ನೀರು ಕಾಣ್ತಿಲ್ಲ, ತೇಲಿಬಿಟ್ಟ ದೀಪಗಳಷ್ಟೇ ಕಾಣ್ತಿವೆ. ಆದರೂ ಹೊಳೆ ಎತ್ತ ತಿರುಗಿತು ಅಂತ ಹೇಳಬಹುದು, ಅಲ್ವಾ?

ಆಕಾಶದಲ್ಲೂ ಇಂಥದ್ದೊಂದು ಹೊಳೆ ಇದೆ. ಧನು ರಾಶಿಯ ದಿಕ್ಕಲ್ಲಿ, ಸುಮಾರು 80 ಸಾವಿರ ಜ್ಯೋತಿರ್ವರ್ಷ ಆಚೆ, ಒಂದು ಕುಬ್ಜ ಗೆಲಾಕ್ಸಿ. ಪತ್ತೆಯಾದದ್ದೇ 1994ರಲ್ಲಿ. ನಮ್ಮ ಆಕಾಶಗಂಗೆ ಅದನ್ನು ಎಳೆದೆಳೆದು ಹರೀತಿದೆ. ಹತ್ತಿರದ ಬದಿಗೆ ಸೆಳೆತ ಜಾಸ್ತಿ, ದೂರದ ಬದಿಗೆ ಕಮ್ಮಿ. ಕಡಲು ಉಕ್ಕೋದೂ ಇದೇ ಲೆಕ್ಕದಲ್ಲಿ. ಕಳಚಿದ ನಕ್ಷತ್ರಗಳು ಹೊಳೆಯಾಗಿ ಆಕಾಶವನ್ನೇ ಸುತ್ತಿಕೊಂಡಿವೆ. ಬಹುಪಾಲು ತೀರಾ ಮಂಕು.

ಹಾಗಾದ್ರೆ ದೀಪ ಯಾವುದು? ವಯಸ್ಸಾದ ಕೆಂಪು ದೈತ್ಯರು. ತಿರುಳಿನ ಹೈಡ್ರೋಜನ್ ಮುಗಿದ ನಕ್ಷತ್ರ ಉಬ್ಬುತ್ತೆ, ಕೆಂಪಾಗುತ್ತೆ, ಸೂರ್ಯನ ನೂರಾರು ಪಟ್ಟು ಬೆಳಗುತ್ತೆ. ನಮ್ಮ ಸ್ವಾತಿಯೂ ಇದೇ ಬಳಗ. ಇವರಲ್ಲೂ ತೀರಾ ಕೆಂಪಾದ 'ಎಂ ದೈತ್ಯರು' ಆಕಾಶಗಂಗೆಯ ಹೊರವಲಯದಲ್ಲಿ ಅಪರೂಪ. ಅಲ್ಲಿ ಕಂಡರೆ, ಪರವೂರಿನವರೇ ಅನ್ನಿ! 2003ರಲ್ಲಿ ಖಗೋಳವಿಜ್ಞಾನಿ ಸ್ಟೀವನ್ ಮಜೇವ್ಸ್ಕಿ ತಂಡ 'ಟೂಮಾಸ್' ಅವಗೆಂಪು ಸಮೀಕ್ಷೆಯಿಂದ ಇವರನ್ನು ಹೆಕ್ಕಿ, ಹೊಳೆಯ ದಾರಿ ಗುರುತಿಸಿತು.

ತಿ. ನರಸೀಪುರದ ಸಂಗಮ ದಾಟಿದ ಮೇಲೆ ಕಪಿಲೆಗೂ ಕಾವೇರಿ ಅಂತಲೇ ಹೆಸರು. ನಕ್ಷತ್ರಗಳು ಹಾಗಲ್ಲ, ವೇಗ, ರಾಸಾಯನಿಕ ಗುಣ ಎರಡೂ ತವರನ್ನು ಹೇಳಿಬಿಡ್ತವೆ.

ಆಗಸ್ಟ್ ರಾತ್ರಿ ಮೋಡ ಬಿಟ್ಟುಕೊಟ್ಟರೆ ಸಂಗಮದಲ್ಲಿ ನಿಂತು ದಕ್ಷಿಣಕ್ಕೆ ಬೈನಾಕ್ಯುಲರ್ ಹಿಡೀರಿ. ಎಂ54 ಅನ್ನೋ ಮಸುಕು ಚುಕ್ಕೆ ಸಿಗುತ್ತೆ. ಆ ಗೆಲಾಕ್ಸಿಯ ನಡುಮನೆ ಅಲ್ಲೇ.