ಉರುಳಿಗೆ ತೆರಿಗೆಯಿಲ್ಲ, ಅಜ್ಜಿಯ ಸರಕ್ಕೆ ಉಂಟು

ಬದಿಯಡ್ಕದ ಕಡೆಯ ಮಹಿಳೆಯೊಬ್ಬರು ಕಳೆದ ವಾರ ನಮ್ಮಲ್ಲಿಗೆ ಬಂದಿದ್ದರು. ಹಿರಿಯರ ಮನೆ ಪಾಲಾದಾಗ ಇವರಿಗೆ ಸಿಕ್ಕಿದ್ದು ಹಲಸಿನ ಮರದ ಪತ್ತಾಯ ಒಂದು, ಮಂಚ ಒಂದು, ಕಂಚಿನ ಉರುಳಿ ಎರಡು, ಅಜ್ಜಿಯ ಐದು ಪವನಿನ ಸರ. ಮಗಳ ಕಾಲೇಜಿನ ಹಣಕ್ಕೆಂದು ಉರುಳಿಗಳ ಚಿತ್ರ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕಿಟ್ಟರು. ಎರ್ನಾಕುಲದವರೊಬ್ಬರು ಹೇಳಿದ ಬೆಲೆಗೇ ಕೊಂಡರು. ಹಣ ನೇರವಾಗಿ ಬೇಂಕಿಗೆ ಬಂತು. ನಿದ್ದೆ ಹೋದದ್ದು ಆಮೇಲೆ. ಬೇಂಕಿಗೆ ಬಿದ್ದದ್ದೆಲ್ಲ ಆದಾಯ, ನೋಟೀಸು ಬಂದೇ ಬರುತ್ತದೆ ಎಂದು ನೆರೆಯವರು ಹೆದರಿಸಿದ್ದರಂತೆ.

ಈ ಹೆದರಿಕೆ ಇವರೊಬ್ಬರದಲ್ಲವಾದುದರಿಂದ ವಿಷಯವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

1961ರ ಆದಾಯ ತೆರಿಗೆ ಕಾಯಿದೆಯು ಸ್ವಂತ ಬಳಕೆಯ ಚರ ವಸ್ತುಗಳನ್ನು ಬಂಡವಾಳ ಆಸ್ತಿಯ ಲೆಕ್ಕದಿಂದ ಹೊರಗಿಟ್ಟಿತು. ಉಡುಪು, ಪೀಠೋಪಕರಣ, ಪಾತ್ರೆ, ಮನೆಮಂದಿ ಬಳಸುವ ಮೊಬೈಲು, ಕಾರು ಎಲ್ಲವೂ ಇದರಲ್ಲಿ ಸೇರುತ್ತವೆ. ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಿದರೂ ಆ ಲಾಭಕ್ಕೆ ತೆರಿಗೆಯಿಲ್ಲ. ನಷ್ಟವಾದರೆ ಅದನ್ನು ಬೇರೆ ಆದಾಯದಿಂದ ಕಳೆಯುವಂತೆಯೂ ಇಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆಂದು ಗೊತ್ತುಪಡಿಸಿದ 2025ರ ಹೊಸ ಕಾಯಿದೆಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿದೆ. ಮಾರಾಟ ಸಂತೆಯಲ್ಲಾಯಿತೋ ಮೊಬೈಲಿನಲ್ಲಾಯಿತೋ ಎಂಬುದು ಇಲ್ಲಿ ಮುಖ್ಯವಲ್ಲ.

ಸ್ವಂತ ಬಳಕೆ ಎಂದರೇನು ಎಂಬ ಪ್ರಶ್ನೆ ಹಿಂದೆ ಧೋಲಪುರದ ಮಹಾರಾಣಾ ಹೇಮಂತ ಸಿಂಹರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಚಿನ್ನದ ಪವನು, ಬೆಳ್ಳಿಯ ನಾಣ್ಯ, ಬೆಳ್ಳಿಯ ಗಟ್ಟಿಗಳನ್ನು ಮಹಾಲಕ್ಷ್ಮೀ ಪೂಜೆಗೆ ಇಡುತ್ತಿದ್ದೆವು, ಆದ್ದರಿಂದ ಅವು ಸ್ವಂತ ಬಳಕೆಯವು ಎಂಬುದು ಅರಮನೆಯ ವಾದ. 1976ರಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ದೈನಂದಿನ ಜೀವನಕ್ಕೆ ನಿಕಟವಾಗಿ, ಸಾಮಾನ್ಯವಾಗಿ ಬಳಕೆಯಾಗುವ ವಸ್ತುವಿಗೆ ಮಾತ್ರ ಆ ಹೆಸರು ಸಲ್ಲುತ್ತದೆ ಎಂದಿತು. ವರ್ಷಕ್ಕೊಮ್ಮೆ ಪೂಜೆಗೆ ಇಟ್ಟ ಮಾತ್ರಕ್ಕೆ ಬೆಳ್ಳಿ ಗಟ್ಟಿ ಪಾತ್ರೆಯಾದೀತೇ?

ಇನ್ನು ಸರದ ಮಾತು. ಆಭರಣ ದಿನವೂ ಕೊರಳಲ್ಲಿದ್ದರೂ ಈ ವಿನಾಯಿತಿಗೆ ಸೇರದು. ಚಿತ್ರ, ಶಿಲ್ಪ, ಪುರಾತನ ಸಂಗ್ರಹಗಳಿಗೂ 2007ರ ಹಣಕಾಸು ಕಾಯಿದೆ ವಿನಾಯಿತಿ ತಪ್ಪಿಸಿತು. ಪಾಲಿಗೆ ಬಂದ ಒಡವೆಯಾದರೆ ಹಿರಿಯರು ಕೊಂಡ ಬೆಲೆಯೇ ಮೂಲ ಬೆಲೆ. ಅವರಲ್ಲಿದ್ದ ಕಾಲವೂ ಲೆಕ್ಕಕ್ಕೆ ಬರುತ್ತದೆ. ತೀರಾ ಹಳೆಯದಾದರೆ 2001ರ ಏಪ್ರಿಲ್ 1ರ ಪೇಟೆ ಬೆಲೆಯನ್ನು ಹಿಡಿಯಬಹುದು. ಅಂದು 17,000 ರೂಪಾಯಿ ಬಾಳುತ್ತಿದ್ದ ಸರ ಈಗ 4,17,000ಕ್ಕೆ ಹೋಯಿತೆನ್ನಿ. ಲಾಭ 4 ಲಕ್ಷ. 2024ರ ಜುಲೈ 23ರಿಂದ 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಒಡವೆಗೆ ದರ ಶೇಕಡಾ 12.5, ತೆರಿಗೆ 50,000, ಮೇಲೆ ಶೇಕಡಾ 4 ಸೆಸ್ಸು. ಆದರೆ ನಮ್ಮ ಅತಿಥಿಗೆ ಬೇರೆ ಆದಾಯವಿಲ್ಲ. 2025-26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ ತೆರಿಗೆಯಿಲ್ಲದ ಮಿತಿ 4 ಲಕ್ಷ. ಭಾರತದಲ್ಲೇ ವಾಸಿಸುವವರು ಖಾಲಿ ಉಳಿದ ಈ ಮಿತಿಯನ್ನು ಇಂಥ ಲಾಭಕ್ಕೆ ಹೊಂದಿಸಿಕೊಳ್ಳಬಹುದಾದುದರಿಂದ ಇವರು ಕೊಡಬೇಕಾದದ್ದು ಏನೂ ಇರದು. ಗಲ್ಫಿನಲ್ಲಿರುವ ಮಕ್ಕಳ ಹೆಸರಿನ ಒಡವೆಗೆ ಈ ಸೌಲಭ್ಯವಿಲ್ಲ ಎಂಬುದನ್ನು ನಮ್ಮ ಜಿಲ್ಲೆಯವರು ನೆನಪಿಡಬೇಕು.

ಹಳೆಯ ಮನೆಗಳನ್ನು ಸುತ್ತಿ ಉರುಳಿ, ತೂಗುದೀಪಗಳನ್ನು ಕೊಂಡು ಮಾರುವವರ ಮಾತು ಬೇರೆ. ಅದು ವ್ಯಾಪಾರ, ಲಾಭವೆಲ್ಲ ಆದಾಯವೇ.

ಪಾಲುಪಟ್ಟಿ, ಮಾರಿದ ವಸ್ತುವಿನ ಚಿತ್ರ, ಕೊಂಡವರ ಸಂದೇಶ ಇವಿಷ್ಟನ್ನು ಜೋಪಾನವಾಗಿಡಿ. ನೋಟೀಸು ಬಂದರೆ ಅವೇ ಉತ್ತರ ಎಂದು ಆ ತಾಯಿಗೆ ತಿಳಿಸಿದೆವು. 2 ಲಕ್ಷ ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಬಾರದೆಂದೂ ಎಚ್ಚರಿಸಿದೆವು. ಸರವನ್ನು ಸದ್ಯಕ್ಕೆ ಮಾರುವುದಿಲ್ಲ, ಅಡವಿಡುತ್ತೇನೆ ಎಂದರು. ಅಡವು ಮಾರಾಟವಲ್ಲ. ತೆರಿಗೆಯ ಪ್ರಶ್ನೆ ಅಲ್ಲಿಲ್ಲ, ಬಡ್ಡಿಯದ್ದು ಉಂಟು.