ವಾಲ್ವು ಧ್ವನಿಯನ್ನು ಹಿಗ್ಗಿಸುವುದೆ?

ಗ್ರಾಮಾಫೋನಿನ ತಟ್ಟೆ ತಿರುಗುತ್ತಿರುವಾಗ ಅದರ ಗೆರೆಯಲ್ಲಿ ಸಾಗುವ ಮುಳ್ಳು ಅತಿ ಸೂಕ್ಷ್ಮವಾಗಿ ಕಂಪಿಸುತ್ತದೆ. ಸ್ಫಟಿಕದ ಪಿಕಪ್ಪಿನಲ್ಲಿ ಆ ಕಂಪನದಿಂದ ಹುಟ್ಟುವ ವಿದ್ಯುದೊತ್ತಡ ಒಂದು ವೋಲ್ಟಿನ ಕೆಲವು ಹತ್ತನೆಯ ಪಾಲು ಮಾತ್ರ. ಅದರ ಸಾಮರ್ಥ್ಯವಂತೂ ಒಂದು ವಾಟಿನ ಲಕ್ಷದಲ್ಲೊಂದು ಪಾಲಿಗೂ ಕಡಿಮೆ. ಆದರೂ ಅದೇ ಸಂಗೀತ ಸ್ಪೀಕರಿನಿಂದ ಹಜಾರವನ್ನೆಲ್ಲ ತುಂಬುವಂತೆ ಹೊಮ್ಮುತ್ತದೆ. ಇವೆರಡರ ನಡುವೆ ಇರುವ ಯಂತ್ರವೇ ವರ್ಧಕ, ಬಳಕೆಯ ಮಾತಿನಲ್ಲಿ ಆಂಪ್ಲಿಫೈಯರ್. ಒಳಕ್ಕೆ ಬಂದ ಚಿಕ್ಕ ಅಲೆಯನ್ನೇ ಅದು ಹೇಗೋ ಹಿಗ್ಗಿಸಿ ಹೊರಕ್ಕೆ ಕಳುಹಿಸುತ್ತದೆಂದು ಭಾವಿಸುವುದು ಸಹಜ. ಆದರೆ ಶಕ್ತಿ ನಿತ್ಯತೆಯ ನಿಯಮವನ್ನು ಓದಿದ ವಿದ್ಯಾರ್ಥಿಯು ಕೂಡಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಹೆಚ್ಚಿದ ಶಕ್ತಿ ಬಂದುದೆಲ್ಲಿಂದ?

ಇದಕ್ಕೆ ಉತ್ತರವನ್ನು ಕಣ್ಣಾರೆ ಕಾಣಲು ಹಳೆಯ ವಾಲ್ವು ವರ್ಧಕಕ್ಕಿಂತ ಒಳ್ಳೆಯ ಸಾಧನವಿಲ್ಲವೆಂದೇ ನಮ್ಮ ಅಭಿಪ್ರಾಯ. 1947ರ ಡಿಸೆಂಬರಿನಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿದ ಮೇಲೆ ವಾಲ್ವುಗಳು ಮನೆಯ ರೇಡಿಯೋಗಳಿಂದ ಕ್ರಮೇಣ ಮರೆಯಾದುವು. ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಕೈಗೊಂಡಿತ್ತು. ಅಂದು ಅಲ್ಲಿಂದ ಹೊರಬಿದ್ದ ವಾಲ್ವುಗಳನ್ನು ಹವ್ಯಾಸಿಗಳು ಇಂದು ಹುಡುಕಿ ಕೊಳ್ಳುತ್ತಾರೆ. ಟ್ರಾನ್ಸಿಸ್ಟರಿನ ಕೆಲಸ ಹರಳಿನೊಳಗೆ ಅಡಗಿ ನಡೆಯುತ್ತದೆ. ವಾಲ್ವಿನಲ್ಲಾದರೋ ಗಾಜಿನ ಬುರುಡೆಯೊಳಗೆ ಒಂದೊಂದು ಭಾಗವೂ ಬೇರೆ ಬೇರೆಯಾಗಿ ಕಾಣುತ್ತದೆ.

ಬುರುಡೆಯ ನಡುವೆ ಒಂದು ಲೋಹದ ಕೊಳವೆ. ಅದರೊಳಗೆ ಕೆಂಪಗೆ ಕಾಯುವ ತಂತಿ. ಕಾದ ಕೊಳವೆಯ ಮೇಲ್ಮೈಯಿಂದ, ಕುದಿಯುವ ನೀರಿನಿಂದ ಆವಿಯೇಳುವಂತೆ, ಎಲೆಕ್ಟ್ರಾನುಗಳು ಏಳುತ್ತವೆ. ಇದು ಕ್ಯಾಥೋಡು. ಸುತ್ತ ನಿಂತಿರುವ ಫಲಕಕ್ಕೆ ಆನೋಡು ಎಂದು ಹೆಸರು. ಅದಕ್ಕೆ ಇನ್ನೂರೈವತ್ತು ವೋಲ್ಟಿನಷ್ಟು ಧನ ಒತ್ತಡವನ್ನು ಕೊಟ್ಟರೆ ಋಣ ವಿದ್ಯುತ್ತನ್ನು ಹೊತ್ತ ಎಲೆಕ್ಟ್ರಾನುಗಳು ನಿರ್ವಾತವನ್ನು ದಾಟಿ ಅದರೆಡೆಗೆ ಧಾವಿಸುತ್ತವೆ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ರಚಿಸಿದ ವಾಲ್ವಿನಲ್ಲಿ ಇದ್ದುದು ಇವೆರಡೇ. ಅದು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುತ್ತಿತ್ತು, ವರ್ಧಿಸುತ್ತಿರಲಿಲ್ಲ. 1906ರಲ್ಲಿ ಅಮೆರಿಕೆಯ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ಮೂರನೆಯದೊಂದು ತಂತಿಯನ್ನು ಸೇರಿಸಿದನು. ಅದೇ ಗ್ರಿಡ್ಡು. ಬುರುಡೆಯಲ್ಲಿ ಉಳಿದ ಅನಿಲದಿಂದಲೇ ಅದು ಕೆಲಸ ಮಾಡುತ್ತದೆಂದು ಅವನು ನಂಬಿದ್ದುದು ಸೋಜಿಗದ ಸಂಗತಿ; ಅನಿಲವನ್ನು ಪೂರ್ಣವಾಗಿ ತೆಗೆದಷ್ಟೂ ಒಳ್ಳೆಯದೆಂಬುದನ್ನು ಮುಂದೆ ಇತರರು ತೋರಿಸಿಕೊಟ್ಟರು. ಹಾಗೆ ಸುಧಾರಿಸಿದ ವಾಲ್ವುಗಳ ಬಲದಿಂದಲೇ 1915ರ ಜನವರಿಯಲ್ಲಿ ನ್ಯೂಯಾರ್ಕಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ನಡುವೆ ದೂರವಾಣಿಯಲ್ಲಿ ಮಾತು ಸಾಧ್ಯವಾಯಿತು.

ಗ್ರಿಡ್ಡು ಮಾಡುವುದೇನು? ನಮ್ಮ ಊರಕೆರೆಯ ತೂಬನ್ನು ನೆನೆಯೋಣ. ತೂಬನ್ನು ಎತ್ತಿಳಿಸುವವನಿಗೆ ಬೇಕಾದ ಬಲ ಸ್ವಲ್ಪವೇ. ಆದರೆ ಗದ್ದೆಗೆ ನುಗ್ಗುವ ನೀರಿನ ರಭಸ ಅವನ ತೋಳಿನದಲ್ಲ, ಕೆರೆಯದು. ಕ್ಯಾಥೋಡಿಗೆ ಹತ್ತಿರದಲ್ಲಿರುವ ಗ್ರಿಡ್ಡಿನ ಮೇಲೆ ಒಂದೆರಡು ವೋಲ್ಟಿನ ಋಣ ಒತ್ತಡವಿದ್ದರೆ ಎಲೆಕ್ಟ್ರಾನುಗಳ ಹರಿವು ತಗ್ಗುತ್ತದೆ. ಆ ಒತ್ತಡ ಏರಿಳಿದಂತೆ ಹರಿವೂ ಏರಿಳಿಯುತ್ತದೆ. ಗ್ರಿಡ್ಡು ಋಣವಾಗಿರುವುದರಿಂದ ಎಲೆಕ್ಟ್ರಾನುಗಳು ಅದರ ಮೇಲೆ ಬಂದು ಕೂರುವುದಿಲ್ಲ. ಆದುದರಿಂದ ಅದನ್ನು ಆಳಲು ಶಕ್ತಿಯ ವೆಚ್ಚ ಇಲ್ಲವೆಂದರೂ ಸರಿಯೆ. ವಾಲ್ವು ಪಿಕಪ್ಪಿನ ಅಲೆಯನ್ನು ಹಿಗ್ಗಿಸುವುದಿಲ್ಲ. ಅಲೆ ಅಲ್ಲಿಯೇ ಉಳಿಯುತ್ತದೆ. ಅದರ ಅಪ್ಪಣೆಯಂತೆ ಬೇರೊಂದು ದೊಡ್ಡ ಪ್ರವಾಹವು ಅದೇ ಆಕಾರವನ್ನು ತಾಳುತ್ತದೆ.

ಲೆಕ್ಕದಿಂದ ಇದು ಸ್ಪಷ್ಟವಾದೀತು. ಇಸಿಸಿ 83 ಎಂಬ ಹೆಸರಾಂತ ವಾಲ್ವಿನ ವರ್ಧನಾಂಕ 100, ಒಳರೋಧ 62,500 ಓಮ್. ಆನೋಡಿಗೆ ಒಂದು ಲಕ್ಷ ಓಮಿನ ರೋಧಕವನ್ನು ಜೋಡಿಸಿದರೆ ನಮಗೆ ದೊರೆಯುವ ವರ್ಧನೆ 100ನ್ನು 1,00,000ದಿಂದ ಗುಣಿಸಿ 1,62,500ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 61. ಗ್ರಿಡ್ಡಿಗೆ ಬಂದ 0.07 ವೋಲ್ಟು ಹೀಗೆ ನಾಲ್ಕು ವೋಲ್ಟನ್ನು ಮೀರುತ್ತದೆ. ಮುಂದಿನದು ಇಎಲ್ 84 ಎಂಬ ಪೆಂಟೋಡು, ಸ್ಪೀಕರನ್ನು ನಡೆಸುವ ವಾಲ್ವು. ಅದನ್ನು ಪೂರ್ಣವಾಗಿ ದುಡಿಸಲು ಈ ನಾಲ್ಕು ವೋಲ್ಟೇ ಸಾಕು. ಅದು ಸುಮಾರು 5,000 ಓಮಿನ ಹೊರೆಯನ್ನು ಬಯಸುತ್ತದೆ, ಸ್ಪೀಕರಿನದೋ 8 ಓಮ್. ನಡುವಣ ಟ್ರಾನ್ಸ್‌ಫಾರ್ಮರು 25ಕ್ಕೆ 1ರ ಸುತ್ತುಗಳಿಂದ ಇವೆರಡನ್ನು ಹೊಂದಿಸುತ್ತದೆ. ಈಗ ಜಮಾಖರ್ಚನ್ನು ನೋಡೋಣ. ಇಎಲ್ 84ರ ತಂತಿಯನ್ನು ಕಾಯಿಸಲು ಸುಮಾರು 5 ವಾಟ್, ಹರಿವಿಗೆ ಸುಮಾರು 13, ಒಟ್ಟು 18 ವಾಟ್ ಒಳಕ್ಕೆ ಹೋಗುತ್ತದೆ. ಹೊರಕ್ಕೆ ಬರುವ ಸಂಗೀತ ಹೆಚ್ಚೆಂದರೆ 6 ವಾಟಿನೊಳಗೆ. ಮಿಕ್ಕುದೆಲ್ಲ ಶಾಖ. ನಮ್ಮ ಮೊದಲ ಪ್ರಶ್ನೆಗೆ ಉತ್ತರ ಗೋಡೆಯ ಪ್ಲಗ್ಗಿನಲ್ಲಿದೆ.

ವಾಲ್ವಿನ ಧ್ವನಿ ‘ಇಂಪು’ ಎಂಬ ಮಾತು ಹವ್ಯಾಸಿಗಳಲ್ಲಿ ಬಹಳ ಪ್ರಚಾರದಲ್ಲಿದೆ. ಇದರಲ್ಲಿ ನಿಜವೆಷ್ಟು? ತೂಬನ್ನು ಎರಡರಷ್ಟು ಎತ್ತಿದರೆ ನೀರು ಕರಾರುವಾಕ್ಕಾಗಿ ಎರಡರಷ್ಟು ಬರಬೇಕು, ವಾಲ್ವಿನಲ್ಲಿ ಹಾಗಾಗದು. ಮೂರು ಆಗ್ರಗಳ ಟ್ರಯೋಡಿನಲ್ಲಿ ಪ್ರವಾಹವು ಒತ್ತಡದ ಒಂದೂವರೆ ಘಾತವನ್ನು ಅನುಸರಿಸುತ್ತದೆ: ಒತ್ತಡ ನಾಲ್ಮಡಿಯಾದರೆ ಪ್ರವಾಹ ಎಂಟುಮಡಿ. ಈ ಬಾಗಿನಿಂದಾಗಿ ಸೆಕೆಂಡಿಗೆ 220 ಕಂಪನಗಳ ಷಡ್ಜವನ್ನು ಕೊಟ್ಟರೆ 440ರ ತಾರಷಡ್ಜವೂ ಸ್ವಲ್ಪ ಬೆರೆತು ಬರುತ್ತದೆ. ಸುಶ್ರುತಿಯ ತಂಬೂರಿಯಲ್ಲಿ ಮೀಟದ ಸ್ವರಗಳೂ ಕೇಳಿ ಹಿತವಾಗುವಂತೆ ಇದೂ ಕಿವಿಗೆ ಹಿತ. ಆದರೆ ಹಿತವೆನಿಸಿದರೂ ಅದು ವಿಕಾರವೇ. ಗಾಯಕನು ಹಾಡದಿದ್ದುದನ್ನು ಸೇರಿಸುವುದು ವರ್ಧಕದ ಕರ್ತವ್ಯವಲ್ಲ. ಪೂರ್ಣ ಸಾಮರ್ಥ್ಯದಲ್ಲಿ ದುಡಿಯುವ ಒಂಟಿ ಇಎಲ್ 84ರ ವಿಕಾರ ಶೇಕಡಾ 10ನ್ನು ಮುಟ್ಟುತ್ತದೆ. ಹೊರಬಂದುದರ ಒಂದಂಶವನ್ನು ತಿರುಗುಮುರುಗಾಗಿ ಒಳಕ್ಕೆ ಉಣಿಸಿ ಈ ದೋಷವನ್ನು ತಗ್ಗಿಸುವ ಉಪಾಯವನ್ನು ಹೆರಾಲ್ಡ್ ಬ್ಲ್ಯಾಕ್ 1927ರಲ್ಲಿ ಕಂಡುಹಿಡಿದನು. ಅದನ್ನು ಬಳಸಿ ಇಂಗ್ಲೆಂಡಿನ ವಿಲಿಯಂಸನ್ 1947ರಲ್ಲಿ ಪ್ರಕಟಿಸಿದ ವಾಲ್ವು ವರ್ಧಕದಲ್ಲಿ 15 ವಾಟಿಗೆ ವಿಕಾರ ಸಾವಿರಕ್ಕೆ ಒಂದರಷ್ಟಕ್ಕೆ ಇಳಿದಿತ್ತು. ಚೆನ್ನಾಗಿ ರಚಿತವಾದ ವರ್ಧಕದಲ್ಲಿ ವಾಲ್ವಿಗೂ ಟ್ರಾನ್ಸಿಸ್ಟರಿಗೂ ಇಂಪಿನಲ್ಲಿ ವ್ಯತ್ಯಾಸ ಅತ್ಯಲ್ಪವೆಂಬುದೇ ನಮ್ಮ ಎಣಿಕೆ.

ಇನ್ನೊಂದು ವಿಚಾರ ಇದಕ್ಕಿಂತ ಗುರುತರವಾದುದು. ಕೆರೆ ದೊಡ್ಡದಾದರೆ ಅಪಾಯವೂ ದೊಡ್ಡದು. ವಾಲ್ವಿನ ಕೆರೆಯೆಂದರೆ ಮುನ್ನೂರು ಮುನ್ನೂರೈವತ್ತು ವೋಲ್ಟಿನ ಒತ್ತಡ. ಅದನ್ನು ಕೂಡಿಡುವ ಕಂಡೆನ್ಸರುಗಳು ಪ್ಲಗ್ಗನ್ನು ಕಿತ್ತ ಮೇಲೂ ತುಂಬಿಯೇ ಇರಬಹುದು. 50 ಮೈಕ್ರೋಫ್ಯಾರಡಿನ ಕಂಡೆನ್ಸರಿನಲ್ಲಿ 350 ವೋಲ್ಟಿದ್ದರೆ ಅಡಗಿರುವ ಶಕ್ತಿ ಮೂರು ಜೌಲಿನಷ್ಟು, ಒಂದು ಕೈಯಿಂದ ಎದೆಯ ಮೂಲಕ ಇನ್ನೊಂದು ಕೈಗೆ ಹರಿದರೆ ಪ್ರಾಣಕ್ಕೇ ಸಂಚಕಾರ. ಕೆಲವು ಹಳೆಯ ರೇಡಿಯೋಗಳಲ್ಲಿ ಮುಖ್ಯ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಅವುಗಳ ಲೋಹದ ಚಾಸಿಯೇ ಮನೆಯ ವಿದ್ಯುತ್ತಿಗೆ ನೇರವಾಗಿ ತಗುಲಿಕೊಂಡಿರುತ್ತದೆ. ಅಂಥವನ್ನು ಕಲಿಯುವವರು ಮುಟ್ಟಲೇಬಾರದು. ಅಟ್ಟದಿಂದ ಇಳಿಸಿದ ರೇಡಿಯೋ ಯಾವುದೇ ಆಗಲಿ, ಕೂಡಲೇ ಪ್ಲಗ್ಗು ಚುಚ್ಚುವುದು ಸಲ್ಲದು; ಬಹುಕಾಲ ಸುಮ್ಮನಿದ್ದ ಕಂಡೆನ್ಸರುಗಳು ಒಳಗೇ ಕೆಟ್ಟು ಒಡೆಯಬಹುದು.

ಹೊಸದಾಗಿ ವರ್ಧಕವನ್ನು ಕಟ್ಟುವವರು ಅನುಭವಿಗಳೊಬ್ಬರನ್ನು ಬಳಿಯಲ್ಲಿ ಇರಿಸಿಕೊಂಡು, ಕಂಡೆನ್ಸರಿಗೆ ಅಡ್ಡಲಾಗಿ ಒಂದು ಲಕ್ಷ ಓಮಿನ ರೋಧಕವನ್ನು ಕಾಯಂ ಆಗಿ ಬೆಸೆಯಬೇಕು. 50 ಮೈಕ್ರೋಫ್ಯಾರಡಿಗೆ ಇದರ ಕಾಲಾಂಕ 5 ಸೆಕೆಂಡು. ಸ್ವಿಚ್ಚನ್ನು ಆರಿಸಿದ 25 ಸೆಕೆಂಡಿನಲ್ಲಿ 350 ವೋಲ್ಟು ಎರಡು ಮೂರು ವೋಲ್ಟಿಗೆ ಇಳಿದಿರುತ್ತದೆ. ಆದರೆ ರೋಧಕದ ಬೆಸುಗೆ ಬಿಟ್ಟುಹೋಗಿರಬಹುದಾದುದರಿಂದ, ಒಂದು ಕೈಯನ್ನು ಬೆನ್ನ ಹಿಂದಿರಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬಂದುದನ್ನು ನೋಡಿದ ಮೇಲೆಯೇ ಒಳಗೆ ಬೆರಳಿಡತಕ್ಕದ್ದು.